1959ರಲ್ಲಿ ಹುಟ್ಟಿದ ಕಲ್ಲಿನ ಮೇಲೆ

ಕಲ್ಲು ಅಂದ ತಕ್ಷಣ ಕೋಟಿಗಟ್ಟಲೆ ವರ್ಷಗಳ ಲೆಕ್ಕವೇ ತಲೆಗೆ ಬರುತ್ತದೆ ಅಲ್ವಾ? ಹವಾಯಿಯ ಕಿಲವೇಯಾ ಇಕಿ ಅನ್ನೋ ಜ್ವಾಲಾಮುಖಿ ಕುಳಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ನಾವು ತುಳಿಯುವ ನೆಲ ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮನಿಗಿಂತ ಚಿಕ್ಕದು.

ದಾರಿ ಶುರುವಾಗುವುದು ದಟ್ಟ ಕಾಡಿನಲ್ಲಿ. ಮರದಷ್ಟು ಎತ್ತರದ ಜರೀಗಿಡಗಳು, ಒದ್ದೆ ಮೆಟ್ಟಿಲು. ಸುಮಾರು 120 ಮೀಟರ್ ಇಳಿದ ಮೇಲೆ ಕಾಡು ಥಟ್ಟನೆ ಮುಗಿಯುತ್ತದೆ. ಮುಂದೆಲ್ಲ ಕಪ್ಪು ಬಯಲು.

1959ರ ನವೆಂಬರ್‌ನಲ್ಲಿ ಈ ಕುಳಿಯ ಗೋಡೆ ಬಿರಿದು ಲಾವಾ ಚಿಮ್ಮಿತು. ಒಂದು ಹಂತದಲ್ಲಿ ಕಾರಂಜಿ ಸುಮಾರು 580 ಮೀಟರ್ ಎತ್ತರಕ್ಕೆ ಹೋಗಿತ್ತು. ಗಾಳಿ ಹೊತ್ತೊಯ್ದ ಕಿಡಿ, ಬೂದಿ ಒಂದೇ ಕಡೆ ಬಿದ್ದು ಪಕ್ಕದಲ್ಲೇ ಪೂಊ ಪುಆಯಿ ಅನ್ನೋ ಗುಡ್ಡ ಆಯಿತು. ಕುಳಿಯಲ್ಲಿ ನಿಂತ ಲಾವಾ ನೂರು ಮೀಟರ್‌ಗಿಂತ ಜಾಸ್ತಿ ಆಳದ ಕೆರೆಯಾಯಿತು. ಅದು ಏರಿ, ಒಂದಷ್ಟು ವಾಪಸ್ ಬಾಯೊಳಗೇ ಇಳಿದುಹೋದ ಗುರುತು ಈಗಲೂ ಗೋಡೆಯ ಸುತ್ತ ಕಾಣುತ್ತದೆ. ಮೇಲೆ ಬೇಗ ಹೆಪ್ಪುಗಟ್ಟಿತು. ಒಳಗೆ ಪೂರ್ತಿ ಗಟ್ಟಿಯಾಗಲು ಮಾತ್ರ 30 ವರ್ಷಕ್ಕೂ ಜಾಸ್ತಿ ಬೇಕಾಯಿತು. ವಿಜ್ಞಾನಿಗಳು ಮೇಲಿನ ಪದರ ಕೊರೆದು ಅದನ್ನು ಅಳೆಯುತ್ತಲೇ ಇದ್ದರು. ಬಿರುಕಿಗಿಳಿದ ಮಳೆನೀರು ಇವತ್ತಿಗೂ ಹಬೆಯಾಗಿ ಮೇಲೆ ಬರುತ್ತದೆ. ಅಂಗೈ ಹಿಡಿದರೆ ಬೆಚ್ಚಗೆ.

ಒಂದು ತುಂಡು ಕೈಗೆತ್ತಿಕೊಂಡೆ. ಮೈತುಂಬ ತೂತು, ಗ್ಯಾಸ್ ಗುಳ್ಳೆಗಳು ಬಿಟ್ಟುಹೋದ ಜಾಗ. ನಡುನಡುವೆ ಗಾಜಿನ ಚೂರಿನಂಥ ಹಸಿರು ಕಣಗಳು. ಇವು ಆಲಿವಿನ್. ಹೊರಗೆ ಬರುವ ಮೊದಲೇ, ನೆಲದಡಿಯ ಶಿಲಾಪಾಕದಲ್ಲೇ, ಅಂದರೆ ಕರಗಿದ ಕಲ್ಲಿನಲ್ಲೇ, ಬೆಳೆದ ಹರಳು. ಸುತ್ತಲಿನ ಕಪ್ಪು ಬಸಾಲ್ಟ್‌ಗೆ, ಅಂದರೆ ಲಾವಾ ತಣಿದು ಆದ ಕಲ್ಲಿಗೆ, ಅಷ್ಟು ಸಮಯ ಸಿಗಲಿಲ್ಲ, ಅದಕ್ಕೇ ಅದರ ಕಣ ಕಣ್ಣಿಗೇ ಕಾಣಲ್ಲ. ಗ್ರಾನೈಟ್‌ನ ಕಥೆ ಬೇರೆ. ಅದು ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ನಿಧಾನವಾಗಿ ತಣಿಯುತ್ತದೆ, ಹರಳುಗಳು ದಪ್ಪಗಾಗುತ್ತವೆ. ಮೇಲಿನ ನೆಲ ಸವೆದುಹೋದ ಮೇಲಷ್ಟೇ ನಮಗೆ ಕಾಣಸಿಗುತ್ತದೆ. ಬಸಾಲ್ಟ್ ಹುಡುಕಲು ಅಷ್ಟು ಕಾಯಬೇಕಿಲ್ಲ. ಸಮುದ್ರದ ತಳವೇ ಹೆಚ್ಚುಕಡಿಮೆ ಪೂರ್ತಿ ಅದರದ್ದು. ಮಹಾರಾಷ್ಟ್ರದಿಂದ ಬೆಳಗಾವಿ, ವಿಜಯಪುರದ ತನಕ ಹಾಸಿರುವುದೂ ಇದೇ ಜಾತಿಯ ಲಾವಾ, ವಯಸ್ಸು ಮಾತ್ರ ಸುಮಾರು 6.6 ಕೋಟಿ ವರ್ಷ.

ತುಂಡನ್ನು ಇದ್ದಲ್ಲೇ ಇಟ್ಟೆ. ಇದು ರಾಷ್ಟ್ರೀಯ ಉದ್ಯಾನ, ಕಲ್ಲು ಒಯ್ಯುವ ಹಾಗಿಲ್ಲ.

ಬಿರುಕುಗಳಲ್ಲಿ ಓಹಿಯಾ ಗಿಡಗಳು ಕೆಂಪು ಹೂ ಬಿಟ್ಟು ನಿಂತಿವೆ. ಹೊಸ ಲಾವಾ ಮೇಲೆ ಮೊದಲು ಬೇರೂರುವ ಗಿಡಗಳಲ್ಲಿ ಇದೂ ಒಂದು. ಮಣ್ಣೇ ಇಲ್ಲದ ಕಡೆ ಹೇಗೆ ಬದುಕುತ್ತದೋ, ನನಗಂತೂ ಕುಳಿಗಿಂತ ಅದೇ ಜಾಸ್ತಿ ಆಶ್ಚರ್ಯ ಅನಿಸಿತು.

ಹೋಗುವವರು ಗಟ್ಟಿ ಅಡಿಯ ಶೂ ಹಾಕಿಕೊಳ್ಳಿ. ಇಲ್ಲಿ ಎಡವಿ ಕೈಯೂರಿದರೆ ಚರ್ಮ ಕಿತ್ತುಬರುತ್ತದೆ. ಮಂಜು ಇಳಿದರೆ ಬಯಲಿನಲ್ಲಿ ದಿಕ್ಕು ತಿಳಿಯಲ್ಲ. ದಾರಿಗೆಂದು ಪೇರಿಸಿಟ್ಟ ಕಲ್ಲುಗುಪ್ಪೆಗಳನ್ನೇ ನೋಡಿಕೊಂಡು ನಡೆಯಿರಿ. ಸುಮ್ನೆ ಫೋಟೋಗೆ ಅಂತ ನೀವೂ ಒಂದು ಗುಪ್ಪೆ ಕಟ್ಟಬೇಡಿ, ಹಿಂದೆ ಬರುವವರು ಅದನ್ನೇ ನಂಬಿ ದಾರಿ ತಪ್ಪುತ್ತಾರೆ.