ಕ್ರೀಮ್ ಎಷ್ಟು ಒಳಗೆ ಹೋಗುತ್ತದೆ?

ಎಂ.ಫಾರ್ಮ ಓದುವ ತಂಗಿ ನಿನ್ನೆ ಕೋಲಾರಕ್ಕೆ ಬಂದಳು. ಊಟ ಮಾಡುತ್ತಾ, ಕ್ರೀಮ್ ಚರ್ಮ ದಾಟಿ ಎಷ್ಟು ಇಳಿಯುತ್ತದೆ ಅಂತ ನೋಡುವ ಲ್ಯಾಬಿನ ಫ್ರಾಂಜ್ ಸೆಲ್ ಬಗ್ಗೆ ಹೇಳಿದಳು. ಪುಟ್ಟ ಗಾಜಿನ ಪಾತ್ರೆ. ನಡುವೆ ಹಂದಿ ಕಿವಿಯ ಚರ್ಮದ ತುಂಡು, ಅದು ನಮ್ಮ ಚರ್ಮಕ್ಕೆ ಹತ್ತಿರ ಅಂತ. ಮೇಲೆ ಕ್ರೀಮ್, ಕೆಳಗೆ ಉಪ್ಪುನೀರಿನಂಥ ದ್ರವ. ಅದರಲ್ಲಿ ಚಿಕ್ಕ ಮ್ಯಾಗ್ನೆಟ್ ಗಿರಗಿರ ತಿರುಗುತ್ತಿರುತ್ತದೆ. ಚರ್ಮ 32 ಡಿಗ್ರಿ ಬೆಚ್ಚಗಿರಬೇಕು. ಆಗಾಗ ಪಕ್ಕದ ನಳಿಕೆಯಿಂದ ಸಿರಿಂಜಿನಲ್ಲಿ ಸ್ವಲ್ಪ ದ್ರವ ತೆಗೆದು, ಅಷ್ಟೇ ಹೊಸದು ತುಂಬಬೇಕು. 24 ಗಂಟೆ ಹೀಗೇ. ಎಷ್ಟು ಇಳಿದಿದೆ ಅಂತ ಆ ದ್ರವದಲ್ಲಿ ಅಳೆಯುತ್ತಾರೆ.

500 ಡಾಲ್ಟನ್‌ಗಿಂತ ದೊಡ್ಡ ಅಣು ಚರ್ಮ ದಾಟುವುದು ಕಷ್ಟವಂತೆ; ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ. ಚರ್ಮದಲ್ಲೇ ಇರುವ ಕೊಲಾಜೆನ್ ಅನ್ನುವ ಪ್ರೋಟೀನ್ ಸುಮಾರು 3 ಲಕ್ಷ ಡಾಲ್ಟನ್!

ಟೊಮ್ಯಾಟೊ ತೋಟದಲ್ಲಿ ದುಡಿದು ಅಮ್ಮನ ಕೈ ಬಿರುಕು ಬಿಟ್ಟಿದೆ. ನಾನು ಆಸೆಯಿಂದ ದುಬಾರಿ ಕೊಲಾಜೆನ್ ಕ್ರೀಮ್ ತಂದಿದ್ದೆ. ತುಂಬಾ ಬೇಜಾರಾಯಿತು.

"ಮೇಲೇ ಕೂತು ತೇವ ಹಿಡಿದಿಡುತ್ತೆ ಅಕ್ಕಾ, ಅದೂ ಬೇಕಲ್ವಾ?" ಅಂದಳು.

ನಿಜ. ಆದರೆ ಅದಕ್ಕೆ ವ್ಯಾಸಲೀನ್ ಸಾಕಿತ್ತು. ಡಬ್ಬಿ ಮೇಲೆ 'ಆಳಕ್ಕೆ ಇಳಿಯುತ್ತದೆ' ಅಂತ ಬರೆಯುವವರು ಆ 24 ಗಂಟೆಯ ಲೆಕ್ಕವನ್ನೂ ಬರೆಯಬೇಕು ಅಲ್ವಾ?

ಅಮ್ಮ ಮಾತ್ರ ಕೈ ಚಾಚಿದಳು. "ಹಚ್ಚು, ತಣ್ಣಗಿರುತ್ತೆ." ಬೆರಳ ಸಂದಿಯ ಬಿರುಕುಗಳಿಗೆಲ್ಲ ನಿಧಾನಕ್ಕೆ ಹಚ್ಚಿದೆ.