ಅಂಗೋಲಾದಿಂದ ಬಂದ ಟೊಮೆಟೊ

ಈ ವಾರವೆಲ್ಲ ತಲೆಯಲ್ಲಿ ಒಂದೇ ಮಾತು. ಕಬಿಂಡಾ ಸಂತೆಯಲ್ಲಿ ಐದೈದು ಟೊಮೆಟೊ ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಂಗಸನ್ನು, ಯಾಕಮ್ಮಾ ಇಷ್ಟು ರೇಟು ಅಂತ ನನ್ನ ಹರಕು ಪೋರ್ಚುಗೀಸ್‌ನಲ್ಲಿ ಕೇಳಿದೆ. ಆಕೆ ತಲೆ ಎತ್ತದೆ ಅಂದರು, "ಅಂಗೋಲಾದಿಂದ ಬಂದದ್ದು."

ನಾವು ನಿಂತಿದ್ದದ್ದೇ ಅಂಗೋಲಾದಲ್ಲಿ!

ಜೊತೆಗಿದ್ದ, ರಾಜಧಾನಿ ಲುವಾಂಡಾದ ಸಹೋದ್ಯೋಗಿಗೆ ಸಿಟ್ಟು ಬಂತು. "ಇದೂ ಅಂಗೋಲಾನೇ" ಅಂತ ಜೋರಾಗಿಯೇ ಹೇಳಿದ. ಒಳ್ಳೆಯ ಮನುಷ್ಯ, ಆದರೆ ಟೊಮೆಟೊ ಮಾರುವವರಿಗೆ ಪಾಠ ಮಾಡೋದು ಬೇಕಿತ್ತಾ? ಆಕೆ ಏನೂ ಅನ್ನಲಿಲ್ಲ. ಸರಿಯಾಗಿಯೇ ಇದ್ದ ಗುಡ್ಡೆಯನ್ನು ಮತ್ತೆ ಸರಿ ಮಾಡಿದರು.

ನಕ್ಷೆ ನೋಡಿದರೆ ಆಕೆಯದು ತಪ್ಪು ಅನ್ನಿಸಲ್ಲ. ಕಬಿಂಡಾ ನಮ್ಮ ಚಿಕ್ಕಮಗಳೂರು ಜಿಲ್ಲೆಯಷ್ಟಿದೆ, ಸುಮಾರು 7,300 ಚದರ ಕಿಲೋಮೀಟರ್. ಅದಕ್ಕೂ ಉಳಿದ ಅಂಗೋಲಾಕ್ಕೂ ನಡುವೆ ಇನ್ನೊಂದು ದೇಶದ ನೆಲ, ಕಾಂಗೋ ನದಿಯ ಬಾಯಿ. ರಸ್ತೆಯಲ್ಲಿ ಲುವಾಂಡಾಕ್ಕೆ ಹೋಗಬೇಕಾದರೆ ಎರಡು ಸಲ ಗಡಿ ದಾಟಬೇಕು, ಇಲ್ಲದಿದ್ದರೆ ವಿಮಾನ ಅಥವಾ ಹಡಗು. ಟೊಮೆಟೊಗೂ ಅದೇ ಪಾಡು, ಆ ಖರ್ಚೆಲ್ಲ ಗುಡ್ಡೆಯ ಮೇಲೆ ಬೀಳುತ್ತದೆ. ಒಳಗಡೆ ಮಯೋಂಬೆ ಕಾಡು, ಪೋರ್ಚುಗೀಸರ ಕಾಲದಲ್ಲಿ ಅಲ್ಲಿ ಮರ, ಕೋಕೋ, ಕಾಫಿ. ಹೌದು, ಕಾಫಿಯೂ! ಕಚ್ಚಾ ಎಣ್ಣೆ ಬಂದ ಮೇಲೆ ಅದನ್ನೆಲ್ಲ ಕೇಳುವವರೇ ಇಲ್ಲ.

ಎಣ್ಣೆ ಇರೋದು ಸಮುದ್ರದಲ್ಲಿ. 1968ರಿಂದ ತೆಗೆಯುತ್ತಿದ್ದಾರೆ, ಒಂದು ಕಾಲದಲ್ಲಿ ಅಂಗೋಲಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಯದೇ. 80ರ ದಶಕದಲ್ಲಂತೂ ಅಮೆರಿಕದ ಕಂಪನಿಯ ಬಾವಿಗಳನ್ನು ಕಮ್ಯುನಿಸ್ಟ್ ಕ್ಯೂಬಾದ ಸೈನಿಕರು ಕಾಯುತ್ತಿದ್ದರು, ಎಣ್ಣೆಯ ಮುಂದೆ ಸಿದ್ಧಾಂತ ಎಲ್ಲಿ ನಿಲ್ಲುತ್ತೆ ಬಿಡಿ. ನಾವು ಮಲೊಂಗೊದ ಎಣ್ಣೆ ಕಂಪನಿ ಕ್ಯಾಂಪಿನಲ್ಲಿ ಬೇಲಿಯೊಳಗೆ ಎಸಿ ಹಾಕ್ಕೊಂಡು ಮಲಗುವವರು. ನನಗೂ ದೊಡ್ಡ ಮಾತಾಡುವ ಹಕ್ಕಿಲ್ಲ.

ಕಬಿಂಡಾದವರ ಸಿಟ್ಟು ಇವತ್ತಿನದಲ್ಲ. 1885ರಲ್ಲಿ ಇಲ್ಲಿನ ಮುಖಂಡರು ಸಿಮುಲಂಬುಕೊದಲ್ಲಿ ಪೋರ್ಚುಗಲ್ ಜೊತೆ ತಮ್ಮದೇ ಒಪ್ಪಂದ ಮಾಡಿಕೊಂಡಿದ್ದರು. 1956ರಲ್ಲಿ ಲಿಸ್ಬನ್ ಇದರ ಆಡಳಿತವನ್ನು ಅಂಗೋಲಾಕ್ಕೆ ಸೇರಿಸಿತು. 1975ರ ಜನವರಿಯಲ್ಲಿ ಪೋರ್ಚುಗಲ್‌ನ ಆಲ್ವೊರ್‌ನಲ್ಲಿ ಅಂಗೋಲಾದ ಸ್ವಾತಂತ್ರ್ಯದ ಮಾತುಕತೆ ನಡೆದಾಗ ಮೂರು ಸಂಘಟನೆಗಳನ್ನು ಕೂರಿಸಿದರು, ಕಬಿಂಡಾದವರದ್ದನ್ನು ಬಿಟ್ಟು. ಕಬಿಂಡಾ ಬೇರೆ ದೇಶವಾಗಬೇಕು ಅನ್ನುವವರ ಬಂದೂಕು ಕಾಡಿನಲ್ಲಿ ಇನ್ನೂ ಪೂರ್ತಿ ಸುಮ್ಮನಾಗಿಲ್ಲ. ಇಷ್ಟೆಲ್ಲ ಒಂದು ಗುಡ್ಡೆ ಟೊಮೆಟೊ ಹಿಂದೆ ಇತ್ತು ಅಂತ ನನಗೆ ಹೊಳೆದದ್ದು ರಾತ್ರಿ.

ನಿನ್ನೆ ಒಬ್ಬನೇ ಹೋಗಿದ್ದೆ. ಅದೇ ಜಾಗ, ಅದೇ ಹೆಂಗಸು. ಎಲ್ಲಿಂದ ಬಂದದ್ದು ಅಂತ ಬೇಕೆಂದೇ ಕೇಳಿದೆ. ಆಕೆ ಮೊದಲು ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದರು.

"ಲುವಾಂಡಾದಿಂದ" ಅಂದರು.