ಐ ಹ್ಯಾವ್ ಎ ಡೌಟ್

ಇವತ್ತು ಮೀಟಿಂಗ್‌ನಲ್ಲಿ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ 'ಐ ಹ್ಯಾವ್ ಎ ಡೌಟ್' ಅಂದಳು. ಅಮೆರಿಕದ ಮ್ಯಾನೇಜರ್ ಒಂದು ಕ್ಷಣ ಸುಮ್ಮನಾದರು. ನಮಗೆ ಡೌಟ್ ಅಂದ್ರೆ ಪ್ರಶ್ನೆ, ಕ್ಲಾಸಿನಲ್ಲಿ ಕೈ ಎತ್ತಿ ಕೇಳುತ್ತಿದ್ದೆವಲ್ಲ, ಅದೇ. ಅವರ ಕಿವಿಗೆ 'ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ' ಅನ್ನೋ ಹಾಗೆ ಕೇಳಿಸುತ್ತದೆ. 'ಕ್ವೆಶ್ಚನ್' ಅಂದಿದ್ದರೆ ಮುಗಿಯುತ್ತಿತ್ತು.

ಆಮೇಲೆ ಕಾಫಿ ಕುಡಿಯುತ್ತಾ ಅವಳಿಗೆ ಇನ್ನೊಂದು ಹೇಳಿದೆ. ಮೇಲ್‌ನಲ್ಲಿ 'ಐ ವಿಲ್ ರಿವರ್ಟ್ ಬೈ ಟುಮಾರೋ' ಅಂತ ಬರೆಯಬೇಡ, ಸಾಫ್ಟ್‌ವೇರ್ ಕೆಲಸದಲ್ಲಿ ರಿವರ್ಟ್ ಅಂದ್ರೆ ಮಾಡಿದ ಬದಲಾವಣೆಯನ್ನು ವಾಪಸ್ ತೆಗೆಯೋದು, ಓದಿದವರು ಕೋಡ್‌ಗೆ ಏನಾಯ್ತೋ ಅಂತ ಗಾಬರಿಯಾಗುತ್ತಾರೆ. 'ರಿಪ್ಲೈ' ಸಾಕು. 'ಡೂ ದಿ ನೀಡ್‌ಫುಲ್' ಬದಲು ಏನು ಬೇಕು, ಯಾವತ್ತಿಗೆ ಬೇಕು ಅಂತ ನೇರವಾಗಿ ಬರೆ.

ಎಲ್ಲ ಕೇಳಿ, 'ಅಕ್ಕಾ, ನಾನು ಕನ್ನಡ ಮೀಡಿಯಂ, ಅದಕ್ಕೇ ಹೀಗೆ' ಅಂದಳು. ಅಲ್ಲವೇ ಅಲ್ಲ! ಕಾನ್ವೆಂಟಿನಲ್ಲಿ ಓದಿದವರೂ ಹೀಗೇ ಬರೆಯುತ್ತಾರೆ, ನಮ್ಮ ಆಫೀಸುಗಳಲ್ಲೆಲ್ಲ ನಡೆಯೋ ಇಂಗ್ಲಿಷೇ ಇದು, ನಾವು ನಾವೇ ಮಾತಾಡುವಾಗ ತಪ್ಪೂ ಅಲ್ಲ. ಜೊತೆಗೆ ಅವಳು ಕೇಳಿದ್ದು ತುಂಬಾ ಒಳ್ಳೆ ಪ್ರಶ್ನೆ, ನಾವ್ಯಾರೂ ಗಮನಿಸದ ಒಂದು ತಪ್ಪನ್ನು ಹಿಡಿದಿದ್ದಳು. ನಾಳೆ ಮೀಟಿಂಗ್‌ನಲ್ಲೂ ನೀನೇ ಮೊದಲು ಮಾತಾಡಬೇಕು ಅಂತ ಹೇಳಿ ಬಂದಿದ್ದೇನೆ.